ಟ್ಯಾಂಕಿನಿಂದ ತೆಗೆಸಿದ ಡೀಸೆಲ್

ನಾನು ಪಾಠ ಹೇಳಲು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ದಿನವೂ ಹೋಗುತ್ತಿದ್ದ ಬಾಡಿಗೆ ಕಾರಿನ ಚಾಲಕರು ಎಲ್ಲದರಲ್ಲೂ ಸಮ ನೋಡುವವರು. ಮಿರ್ಚಿಯೊಂದನ್ನು ಮುರಿದರೂ ಎರಡು ತುಂಡುಗಳನ್ನು ಪಕ್ಕಪಕ್ಕ ಹಿಡಿದು, "ಸಮ ಆತೇನ್ರಿ ಸರ್?" ಎನ್ನುತ್ತಿದ್ದರು.

ಸ್ಟ್ಯಾಂಡಿನಲ್ಲಿ ಮೊದಲ ಪಾಳಿ ಯಾರದೆಂದು ಅವರಿಗೂ ಹೊಸ ಗ್ಯಾಸ್ ಕಾರಿನ ಚಾಲಕನಿಗೂ ಜಗಳವಾಯಿತು. ಇಬ್ಬರೂ ಸಮವಾಗಿ ಸ್ವಲ್ಪವೇ ಇಂಧನ ಇಟ್ಟುಕೊಂಡು ಸಿರುಗುಪ್ಪ ರಸ್ತೆಯಲ್ಲಿ ಹೆಚ್ಚು ದೂರ ಹೋದವರಿಗೆ ಪಾಳಿ ಎಂದು ಪಂಥ ಕಟ್ಟಿದರು. ಹಗಲು ರಾತ್ರಿ ಓಡುವ ಕಾರ್ ರೇಸುಗಳಲ್ಲಿ ಅಷ್ಟೇ ಇಂಧನದಲ್ಲಿ ಹೆಚ್ಚು ದೂರ ಓಡುವ ಡೀಸೆಲ್ ಕಾರಿಗೆ ಚಿಕ್ಕ ಟ್ಯಾಂಕ್ ಕೊಟ್ಟು, ಬೇರೆ ಇಂಧನದವರೊಡನೆ ಸಮ ಮಾಡುತ್ತಿದ್ದರೆಂದು ನಾನು ಹೇಳಿದೆ. ಓದಿದ್ದೋ ಕೇಳಿದ್ದೋ, ಈಗ ಖಾತ್ರಿಯಿಲ್ಲ. ಅವರು ಕೂಡಲೇ ಪೈಪು ಹಾಕಿಸಿ ತಮ್ಮ ಡೀಸೆಲನ್ನು ಇನ್ನಷ್ಟು ತೆಗೆಸಿದರು.

"ತಲಿ ಕೆಟ್ಟೈತೇನ್ ಮಾಮ ನಿಂಗ?" ಎಂದು ಎದುರಾಳಿಯೇ ನಕ್ಕ.

"ಸೋತ್ ಮ್ಯಾಗ ನಗಾಕ ಸ್ವಲ್ಪ ಉಳಿಸ್ಕೋಲೇ."

ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ. ತೆಕ್ಕಲಕೋಟೆ ದಾಟಿದ ಮೇಲೆ, ಮುಂದೆ ಹೋಗಿದ್ದ ಗ್ಯಾಸ್ ಕಾರು ನಿಂತಿರುವುದು ಕಂಡಿತು. ಒಂದು ಮಾರು ಮುಂದೆ ಹೋಗಿದ್ದರೆ ಗೆಲುವು ಇವರದು. ನಮ್ಮ ಕಾರು ಸರಿಯಾಗಿ ಅದರ ಪಕ್ಕದಲ್ಲೇ ನಿಂತಿತು.

"ಡೀಸೆಲ್ ಮುಗೀತ್ರಿ ಸರ್," ಎಂದರು, ನನ್ನ ಕಡೆ ನೋಡದೆ. ಅವರ ಕೈ ಕೀಲಿಯ ಮೇಲಿತ್ತು.

ಅಂದಿನಿಂದ ಮೊದಲ ಪಾಳಿ ಇಬ್ಬರಿಗೂ ದಿನ ಬಿಟ್ಟು ದಿನ ಎಂದಾಯಿತು.

ಡೀಸೆಲ್ ನಿಜಕ್ಕೂ ಮುಗಿದಿತ್ತೋ, ಅವರೇ ಎಂಜಿನ್ ಬಂದ್ ಮಾಡಿದರೋ? ಯಾರೋ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದದ್ದು ನೆನಪಿದೆ. ಎಂಜಿನ್ ಮತ್ತೆ ಗುರ್ರೆಂದದ್ದೂ ನೆನಪಿದೆ. ಯಾವುದು ಮೊದಲು ಎಂಬುದು ಮಾತ್ರ ಎಷ್ಟು ತಿಣುಕಿದರೂ ಹೊಳೆಯುತ್ತಿಲ್ಲ.