ಮೂರನೆಯ ಸಲದ ಉತ್ತರ

ಶಿವಶರಣಪ್ಪನವರು ಯಾರ ಮೊದಲ ಉತ್ತರವನ್ನೂ ಅಂಗೀಕರಿಸುತ್ತಿರಲಿಲ್ಲ ಎಂಬುದನ್ನು ಆರಂಭದಲ್ಲಿಯೇ ನಮೂದಿಸಬಯಸುತ್ತೇನೆ. ಕಲಬುರಗಿಯ ಒಂದು ಖಾಸಗಿ ಸ್ಕ್ಯಾನಿಂಗ್ ಕೇಂದ್ರದಲ್ಲಿ ಅವರು ಎಂ.ಆರ್.ಐ. ಯಂತ್ರದ ತಂತ್ರಜ್ಞರು, ನಾನು ಮಹಿಳಾ ರೋಗಿಗಳನ್ನು ಪರದೆಯ ಹಿಂದೆ ತಪಾಸಣೆ ಮಾಡಿ ಒಳಗೆ ಕಳುಹಿಸುವ ಸಹಾಯಕಿಯಾಗಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದವರನ್ನು, ಮೈಮೇಲೆ ಕಬ್ಬಿಣದ್ದು ಏನಾದರೂ ಇದೆಯೇ ಎಂದು ಅವರು ಕೇಳುತ್ತಿದ್ದರು. ಏನೂ ಇಲ್ಲವೆಂಬ ಉತ್ತರ ಬಂದರೆ ತಲೆಯಾಡಿಸಿ, ತೊಗರಿ ಬೆಳೆಯ ಮಾತನಾಡಿ, ಪುನಃ ಅದನ್ನೇ ಕೇಳುತ್ತಿದ್ದರು. ಮೂರನೆಯ ಸಲಕ್ಕೆ ಉಡದಾರದಿಂದ ಕೀಲಿಯೋ ಕುಪ್ಪಸದಿಂದ ಪಿನ್ನೋ ಹೊರಬರುತ್ತಿತ್ತು.

“ನಮ್ಮ ಮಂದಿ ಸುಳ್ಳ ಹೇಳಾಂಗಿಲ್ಲ ತಂಗಿ, ಮರತಿರ್ತಾರ,” ಎನ್ನುತ್ತಿದ್ದರು. “ಭಾಳ ವರ್ಷ ಮೈಮ್ಯಾಗ ಇದ್ದದ್ದು ಸಾಮಾನು ಅನ್ನಸಾಂಗಿಲ್ಲ.”

ನನ್ನನ್ನು ಅವರು ತಂಗಿ ಎಂದಲ್ಲದೆ ಬೇರೆ ರೀತಿ ಕರೆದದ್ದಿಲ್ಲ. ಯಂತ್ರ ಸುಮ್ಮನಿದ್ದಾಗಲೂ ಅದರ ಚುಂಬಕ ಸುಮ್ಮನಿರುವುದಿಲ್ಲ ಎಂಬುದನ್ನು ಅವರೇ ಕಲಿಸಿದರು. ಕಾಗದದ ಕ್ಲಿಪ್ಪೊಂದನ್ನು ದಾರಕ್ಕೆ ಕಟ್ಟಿ ನನ್ನ ಕೈಗೆ ಕೊಟ್ಟು ಒಳಗೆ ನಿಲ್ಲಿಸಿದರು. ಜೋತುಬೀಳಬೇಕಾದ ದಾರ ಯಂತ್ರದ ಕಡೆಗೆ ಅಡ್ಡಲಾಗಿ ಚಾಚಿ ನಿಂತಿತು. ಆ ಬಾಗಿಲನ್ನು ಅಂದಿನಿಂದ ನಾನು ಭಯಭಕ್ತಿಯಿಂದಲೇ ಕಾದಿದ್ದೇನೆ.

ಒಮ್ಮೆ ಅವರದೇ ಊರಾದ ಸರಸಂಬಾದ ಹಿರಿಯರೊಬ್ಬರು ಕೊರಳಿನಲ್ಲಿದ್ದ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ತೆಗೆಯಲು ಸುತರಾಂ ಒಪ್ಪಲಿಲ್ಲ. ಅದರ ಮುಚ್ಚಳದ ಕೀಲು ಕಬ್ಬಿಣದ್ದಾಗಿತ್ತು. “ಲಿಂಗ ಬಿಡ್ರಿ ಅನ್ನಾಂವ ಅಲ್ರಿ ಕಾಕಾ ನಾ. ಕರಡಿಗಿ ಅಷ್ಟ ಮಗನ ಕೈಯಾಗ ಕೊಡ್ರಿ, ಲಿಂಗ ಈ ಅರಿವ್ಯಾಗ ಕಟ್ಕೊಳ್ರಿ,” ಎಂದು ಶಿವಶರಣಪ್ಪನವರು ತಮ್ಮ ಚೀಲದಿಂದ ಒಗೆದ ಬಿಳಿ ವಸ್ತ್ರ ತೆಗೆದರು. ಹಿರಿಯರು ಗೊಣಗುತ್ತಲೇ ಕಟ್ಟಿಕೊಂಡರು. “ದೇವರನ್ನೂ ತಪಾಸ ಮಾಡಿ ಒಳಗ ಬಿಡ್ತಿಯಲ್ಲಲೇ ನೀ!”

ಇಂಥವರ ಕುರಿತು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಒಂದು ಮಧ್ಯಾಹ್ನ ಮಾಲೀಕರ ಬೀಗರು ತಮ್ಮ ತಾಯಿಯನ್ನು ಉಕ್ಕಿನ ಗಾಲಿಕುರ್ಚಿಯಲ್ಲಿ ಕರೆತಂದರು. ಆ ಕೋಣೆಗೆಂದೇ ಇರುವ, ಕಬ್ಬಿಣವಿಲ್ಲದ ಬೇರೆ ಕುರ್ಚಿ ಬರುವವರೆಗೆ ಕಾಯಬೇಕೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಬೀಗರು ರೇಗಿದರು. ಆಗ ಶಿವಶರಣಪ್ಪನವರು ನನಗೆ ಸರಿಯಲು ಹೇಳಿ, ಸ್ವತಃ ಬಾಗಿಲು ತೆರೆದು, ಹೊಸ್ತಿಲಲ್ಲೇ ಇಳಿಸೋಣವೆಂದು ಕರೆದರು. ಅಜ್ಜಿಯನ್ನು ಎತ್ತಿ ನಿಲ್ಲಿಸಿದ ಕೂಡಲೇ ಖಾಲಿ ಕುರ್ಚಿ ಬೀಗರ ಕೈಯನ್ನೂ ಎಳೆದುಕೊಂಡು ಹೋಗಿ ಯಂತ್ರಕ್ಕೆ ಅಪ್ಪಳಿಸಿತು. ಬೀಗರ ಮಣಿಕಟ್ಟು ಮುರಿಯಿತು. ಅಜ್ಜಿ ನನ್ನ ತೋಳಿಗೆ ಜೋತುಬಿದ್ದು ಉಳಿದರು.

ಸಂಜೆ ಮಾಲೀಕರು ಇಬ್ಬರನ್ನೂ ಕರೆಸಿ, ಬಾಗಿಲು ತೆರೆದವರು ಯಾರೆಂದು ಕೇಳಿದರು. ನಾನು ಶಿವಶರಣಪ್ಪನವರ ಮುಖ ನೋಡಿದೆ. ಅವರೇ ಹೇಳುವರೆಂಬ ವಿಶ್ವಾಸವಿತ್ತು.

“ಆಕಿ ತಗದಾಳ್ರಿ. ನಾ ಬ್ಯಾಡ ಅಂದೇನ್ರಿ.”

ತಂಗಿ ಅಂದು ಆಕಿಯಾದಳು. ನನ್ನ ಮಾತನ್ನು ಯಾರೂ ಕೇಳಲಿಲ್ಲ. ತಾವೇ ರೇಗಿ ಅವಸರಪಡಿಸಿದ್ದ ಬೀಗರು ಮುಂದೆಯೂ ಅದನ್ನು ತಿದ್ದಲಿಲ್ಲ. ಶಿವಶರಣಪ್ಪನವರನ್ನಂತೂ ಎರಡನೆಯ ಸಲ ಕೇಳುವ ಅಗತ್ಯವೇ ಮಾಲೀಕರಿಗೆ ಕಾಣಲಿಲ್ಲ. ಮರುದಿನದಿಂದ ಬರಬೇಡವೆಂದು ನನಗೆ ತಿಳಿಸಲಾಯಿತು. ಬೇರೆ ಕೇಂದ್ರಗಳಿಗೆ ಹೋದಲ್ಲೆಲ್ಲ, ಬಾಗಿಲು ತೆರೆದ ಹುಡುಗಿ ನೀನೇ ಏನು ಎಂಬ ಪ್ರಶ್ನೆ ನನಗಿಂತ ಮುಂಚೆ ತಲುಪಿರುತ್ತಿತ್ತು. ಈಗ ಅಫಜಲಪುರದ ಬಟ್ಟೆ ಅಂಗಡಿಯೊಂದರಲ್ಲಿದ್ದೇನೆ.

ಕಳೆದ ಬೇಸಿಗೆಯಲ್ಲಿ ಅಲ್ಲಿಯ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ಸೊನ್ನದಲ್ಲಿ ಸಂಬಂಧಿಕರ ಕಾರ್ಯ ಮುಗಿಸಿ ಆಳಂದದ ಬಸ್ಸಿಗೆ ಕಾಯುತ್ತಿದ್ದರು. ಕ್ಷೇಮ ವಿಚಾರಿಸಿದರು. ನಾನು, “ಆವತ್ತು ಬಾಗಲಾ ಯಾರು ತಗದಿದ್ರಿ ಅಣ್ಣಾ?” ಎಂದೆ. ಅದೆಲ್ಲ ಈಗ ನೆನಪಿಲ್ಲವೆಂದರು. ಬಿಸಿಲಿನ ಮಾತನಾಡಿ ಪುನಃ ಕೇಳಿದೆ. ಆ ಹೊತ್ತಿಗೆ ಮಗಳ ಮದುವೆ ನಿಶ್ಚಯವಾಗಿತ್ತು, ನೌಕರಿ ಹೋಗಿದ್ದರೆ ಮುರಿಯುತ್ತಿತ್ತು ಎಂದರು. ಮೂರನೆಯ ಸಲ ಕೇಳಿದೆ.

“ನಾನ ತಗದೇನಿ.”

ಮಾಲೀಕರೆದುರು ಬಂದು ಅಷ್ಟನ್ನೇ ಹೇಳಬೇಕೆಂದು ವಿನಂತಿಸಿಕೊಂಡೆ.

“ಅಲ್ಲಿ ಬ್ಯಾಡವಾ. ನಿನಗ ಹೇಳೇನಲ್ಲ, ಸಾಕು ಬಿಡು.”

ಬಸ್ಸು ಬಂತು. ಹತ್ತಿ ಕುಳಿತು, ಕಿಟಕಿಯಿಂದ ತಲೆ ಹೊರಹಾಕಿ, “ಉಂಡಿ ಏನ ತಂಗಿ?” ಎಂದರು. ನಾನು ಉತ್ತರಿಸಲಿಲ್ಲ. ಅವರು ಎರಡನೆಯ ಸಲ ಕೇಳಲಿಲ್ಲ.