ಗೋಣು ಹಾಕುವ ಪಾತ್ರ

ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ಬಾಡಿಗೆದಾರರು ಸರದಿಯಂತೆ ಒಂದೊಂದು ವಾರ ಮೆಟ್ಟಿಲು ಗುಡಿಸಬೇಕು. ಅದಕ್ಕೆ ಕೆಯರ್‌ವೋಖೆ ಎನ್ನುತ್ತಾರೆ. ಸರದಿ ತಪ್ಪಿಸಿದರೆ ಕೆಲಸಕ್ಕೆಂದು ಜರ್ಮನಿ ಕೊಟ್ಟಿದ್ದ ಗ್ರೀನ್ ಕಾರ್ಡೇ ಹೋದೀತು ಎಂಬ ಭಯದಲ್ಲಿ ನಾನು ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದೆ. ಭಯಕ್ಕೆ ಮದ್ದೆಂದು, ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ಅರ್ಧ ಕಲಿತು ಬಿಟ್ಟ ಸಂಗೀತವನ್ನು ಗುನುಗುತ್ತಿದ್ದೆ. ಒಂದು ಶನಿವಾರ ಕೆಳಗಿನ ಮನೆಯ ಬಾಗಿಲು ತೆರೆಯಿತು. ನಮ್ಮ ಮನೆ ಮಾಲೀಕರು, ಎಪ್ಪತ್ತು ದಾಟಿದ ಮುದುಕರು. ಗಲಾಟೆಗೆ ಬೈಯಲು ಬಂದರೆಂದುಕೊಂಡು ಪೊರಕೆ ಹಿಡಿದೇ ಕ್ಷಮೆ ಕೇಳಿದೆ.

"ಗುರುವಾರ ಸಂಜೆ ಬಿಡುವಿದೆಯಾ? ನಮ್ಮಲ್ಲಿ ಗಂಡು ದನಿಗೆ ಬರ," ಎಂದರು.

ಆ ಊರಿನ ಹವ್ಯಾಸಿ ಒಪೆರಾ ಸಂಘ ಅದು. ಬೇಕರಿಯಾಕೆ, ಹಲ್ಲಿನ ಡಾಕ್ಟರು, ಟೀಚರು ಎಲ್ಲ ಸೇರಿ ಪ್ರತಿ ವರ್ಷದಂತೆ ಆ ವರ್ಷವೂ ಅದೇ ಹಳೆಯ ನಗೆ ಒಪೆರಾ ಆಡುವವರಿದ್ದರು. ಪ್ರಾಯದ ಹುಡುಗಿಯನ್ನು ಮದುವೆಯಾಗಲು ಹೊರಟು ಪೇಚಿಗೆ ಬೀಳುವ ಮುದಿ ಯಜಮಾನನ ಕಥೆ. ಯಜಮಾನನ ಪಾತ್ರ ನಮ್ಮ ಮಾಲೀಕರದು; ಮುದುಕನಂತೆ ಕಾಣಲು ಬಿಳಿ ಟೋಪನ್ ಹಾಕಿಕೊಳ್ಳಬೇಕಾಗಿದ್ದ ಪ್ರಾಯದಿಂದ ಅವರೇ ಮಾಡುತ್ತ ಬಂದಿದ್ದರಂತೆ. ನನಗೆ ಸಿಕ್ಕಿದ್ದು ಆಳಿನ ಪಾತ್ರ. ಮೇಳದ ಜೊತೆ ನಾಲ್ಕು ಸಾಲು ಹಾಡಿ, ಮಿಕ್ಕಂತೆ ಯಜಮಾನ ಹೇಳಿದ್ದಕ್ಕೆಲ್ಲ ಗೋಣು ಹಾಕುವುದು.

"ಆಫೀಸಲ್ಲಿ ಮಾಡೋದೂ ಅದನ್ನೇ ಅಲ್ವೇನ್ರೀ," ಎಂದಳು ಹೆಂಡತಿ. "ಅದಕ್ಕೆ ಬೇರೆ ಪ್ರಾಕ್ಟೀಸು!"

ನನ್ನಂಥವನನ್ನು ಯಾಕೆ ಆರಿಸಿದರು ಎಂಬುದು ಆಮೇಲೆ ತಿಳಿಯಿತು. ಅಷ್ಟು ವರ್ಷವೂ ಮಾಲೀಕರ ಹೆಂಡತಿ ಮೊದಲ ಸಾಲಿನಲ್ಲಿ ಕೂತಿರುತ್ತಿದ್ದರು. ಪ್ರತಿ ಚರಣಕ್ಕೆ ಮುಂಚೆ ಮುದುಕರು ಅತ್ತ ನೋಡುವುದು, ಆಕೆ ತಲೆಯಾಡಿಸುವುದು, ಇವರು ಎತ್ತಿಕೊಳ್ಳುವುದು. ಹಿಂದಿನ ಚಳಿಗಾಲ ಆಕೆ ತೀರಿಕೊಂಡರು. ಅಂದಿನಿಂದ ಇವರಿಗೆ ಹಾಡಿನ ಸಾಲುಗಳು ಜಾರತೊಡಗಿದ್ದವು. ಹಾಡಷ್ಟೇ ಅಲ್ಲ, ಒಮ್ಮೆ ನನ್ನನ್ನೇ ಮೆಟ್ಟಿಲ ಮೇಲೆ ತಡೆದು ಯಾರ ಮನೆಗೆ ಬಂದಿರಿ ಎಂದು ಕೇಳಿದ್ದರು. ತಾಲೀಮು ನಡೆಸುವ ಟೀಚರಮ್ಮ ಮೆತ್ತಗೇ ಹೇಳಿದ್ದರಂತೆ: ಈ ಸಲ ಹಾಡು ನಡುವೆ ನಿಂತುಹೋದರೆ ಮುಂದೆ ಪಾತ್ರ ಬೇರೆಯವರಿಗೆ.

"ಈ ಪಾತ್ರ ಬಿಟ್ಟರೆ ಅವಳಿದ್ದ ಕಡೆ ನೋಡೋದಕ್ಕೆ ನನಗೆ ಬೇರೆ ನೆಪ ಇಲ್ಲ," ಎಂದರು ಮುದುಕರು. "ನೀವು ಎದುರಿಗೇ ಇರ್ತೀರಿ. ಒಂದು ಸಲ ತಲೆಯಾಡಿಸಿ, ಸಾಕು."

ಮೊದಲ ತಾಲೀಮಿನಲ್ಲಿ ಅವರು ಶುರುಮಾಡಿದಾಗ ನಾನು ಕೆಲಸ ಮರೆತೆ. ಹಾಡು ಅಷ್ಟು ಚೆನ್ನಾಗಿತ್ತು. ಒಳ್ಳೆಯ ಹಾಡಿಗೆ ನಮ್ಮವರ ತಲೆ ತಾನೇ ತೂಗುತ್ತದೆ, ಎಡಕ್ಕೂ ಬಲಕ್ಕೂ. ಮುದುಕರು ನಡುವೆಯೇ ನಿಂತರು. ಮುಖ ಬಿಳಿಚಿಕೊಂಡಿತ್ತು.

"ಎಲ್ಲಿ ತಪ್ಪಿದೆ?"

ತಪ್ಪಲ್ಲ, ನಿಮ್ಮಲ್ಲಿ ಅದು ಇಲ್ಲ ಅನ್ನುವ ಸನ್ನೆಯಾದರೂ ನಮ್ಮಲ್ಲಿ ಭೇಷ್ ಅನ್ನುವ ರೀತಿ ಎಂದು ನನ್ನ ಹರುಕು ಜರ್ಮನ್‌ನಲ್ಲಿ ವಿವರಿಸಿದೆ.

"ಹಾಗಾದರೆ ಆಗೋದಿಲ್ಲ ಅನ್ನೋದಕ್ಕೆ ಏನು ಮಾಡ್ತೀರಿ?" ಬೇಕರಿಯಾಕೆ ಕೇಳಿದಳು.

"ಅನ್ನೋದೇ ಇಲ್ಲ. ಅದಕ್ಕೇ ಈ ಆಳಿನ ವೇಷದಲ್ಲಿ ನಿಂತಿದ್ದೇನೆ."

ಎಲ್ಲರೂ ನಕ್ಕರು, ಮುದುಕರೊಬ್ಬರನ್ನು ಬಿಟ್ಟು. "ದಯವಿಟ್ಟು ಮೇಲೆ, ಕೆಳಗೆ," ಎಂದು ಕೈಯಲ್ಲಿ ತೋರಿಸಿದರು.

ಅಲ್ಲಿಂದಾಚೆ ನಾನು ಕೋಲೆ ಬಸವನಾದೆ. ಕನ್ನಡಿ ಮುಂದೆ, ಬಸ್‌ಸ್ಟಾಪಿನಲ್ಲಿ, ಊಟಕ್ಕೆ ಕೂತಲ್ಲಿ ಮೇಲೆ, ಕೆಳಗೆ. ಕತ್ತು ನೋಯಿತು, ಇದು ಬರೀ ಕತ್ತುನೋವಲ್ಲವೇನೋ ಎಂದು ಹೆದರಿ ಒಂದು ವಾರ ನಿದ್ದೆಗೆಟ್ಟೆ. ಕಂಪನಿಯಲ್ಲಿ ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದ ಕಾಲ. ಆದರೂ ಆಗ ನನ್ನ ದೊಡ್ಡ ಚಿಂತೆ ಕೆಲಸವಾಗಿರಲಿಲ್ಲ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ.

ಪ್ರದರ್ಶನದ ಸಂಜೆ ಮೊದಲ ಚರಣಕ್ಕೆ ಅವರು ನನ್ನತ್ತ ನೋಡಿದರು. ಗೋಣು ಹಾಕಿದೆ, ಹಾಡಿದರು. ಎರಡನೆಯದೂ ಹಾಗೇ. ಮೂರನೆಯದಕ್ಕೆ ನೋಡಿದವರು ನೋಡುತ್ತಲೇ ಇದ್ದರು. ನಾನು ಮತ್ತೆ ಗೋಣು ಹಾಕಿದೆ, ಮತ್ತೆ ಹಾಕಿದೆ. ಆ ಕಣ್ಣಿನಲ್ಲಿ ನನ್ನ ಗುರುತು ಇರಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತನಿಗೆ ತೋರಿಸುವ ಮರ್ಯಾದೆ ಮಾತ್ರ ಇತ್ತು. ವಾದ್ಯದವರು ಅದೇ ತುಣುಕನ್ನು ತಿರುತಿರುಗಿ ನುಡಿಸಿದರು. ಯಜಮಾನ ಕಂಗಾಲು, ಆಳು ಕೋಲೆ ಬಸವ. ಜನ ಇದೂ ಆಟವೇ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕರು.

ಮುದುಕರ ದೃಷ್ಟಿ ನನ್ನನ್ನು ದಾಟಿ ಮೊದಲ ಸಾಲಿಗೆ ಹೋಯಿತು. ಅಲ್ಲೊಂದು ಕುರ್ಚಿಯ ಮೇಲೆ ಯಾರದೋ ಕೋಟು ಮಡಚಿಟ್ಟಿತ್ತು. ಅವರು ನಿಧಾನಕ್ಕೆ ತಲೆಯಾಡಿಸಿದರು, ಎಡಕ್ಕೂ ಬಲಕ್ಕೂ. ಹುಟ್ಟಿದಾಗಿನಿಂದ ನೋಡಿದ ಆ ತೂಗಾಟ, ಅದೊಂದು ಸಲ ನನಗೂ ಇಲ್ಲ ಎಂದೇ ಕಂಡಿತು.

ಟೀಚರಮ್ಮ ಕೈಯೆತ್ತಿ ಹಾಡು ಮುಗಿಸಿದರು. ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ತೆರೆ ಬಿದ್ದ ಮೇಲೆ ಬಣ್ಣದ ಕೋಣೆಯಲ್ಲಿ ಅವರ ಮುಖದ ಬಣ್ಣ ಒರೆಸಿಕೊಟ್ಟೆ. ಪಾತ್ರ ಇನ್ನು ಹಲ್ಲಿನ ಡಾಕ್ಟರಿಗೆ ಎಂದು ಹೊರಗೆ ಆಗಲೇ ತೀರ್ಮಾನವಾಗಿತ್ತು. ಒಳಗೆ ಬಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಜನ ನಕ್ಕರಾ?" ಎಂದರು.

"ತುಂಬಾ ನಕ್ಕರು."

"ಅವಳೂ?"

ನನಗೆ ಬಾಯಿಪಾಠವಾಗಿದ್ದು ಒಂದೇ ಪಾತ್ರ. ಗೋಣು ಹಾಕಿದೆ, ಮೇಲೆ, ಕೆಳಗೆ.