ತಂದೆ ಪತ್ತೆಯಾಗಿಲ್ಲ

ಬೆಳಕು ಹರಿಯುವುದರೊಳಗೆ ದಿಲ್‌ಮಾಯಾ ಮಾಡಿ ಮುಗಿಸುವ ಕೆಲಸಗಳು ಇಷ್ಟು: ಬೀದಿ ನಲ್ಲಿಯ ಸರದಿಯಲ್ಲಿ ನಿಂತು ಆರು ಕೊಡ ನೀರು ತರುವುದು. ನೆನೆಹಾಕಿದ ಅಕ್ಕಿ ರುಬ್ಬಿ, ಸಕ್ಕರೆ ತುಪ್ಪ ಬೆರೆಸಿ ಸೇಲ್‌ರೋಟಿಗೆ ಹಿಟ್ಟು ಕಲಸುವುದು. ಗಂಡನ ಕ್ಷೌರದಂಗಡಿಯ ಟವೆಲ್ಲುಗಳನ್ನು ಕುದಿಸಿ, ಅಂಟಿಕೊಂಡ ಊರ ಗಂಡಸರ ಕೂದಲು ಆರಿಸಿ ತೆಗೆದು, ಹಿಂಡಿ ಹರವುವುದು. ಅವನ ಸ್ನಾನಕ್ಕೆ ನೀರು ಕಾಯಿಸುವುದು. ಹೋಟೆಲಿಗೆ ಕೊಡುವ ಬಳೆಯಾಕಾರದ ರೋಟಿಗಳನ್ನು ಕರಿದು ಬುಟ್ಟಿ ತುಂಬಿಸುವುದು. ಇಷ್ಟಾದ ಮೇಲೆ ಚಹಾ ಹಿಡಿದು ಅವನನ್ನು ಎಬ್ಬಿಸುವುದು. ಲಾಲ್‌ಬಾಬು ಎದ್ದು ಕೂತು, ಒಂದು ಗುಟುಕು ಕುಡಿದು, "ಸಕ್ಕರೆ ಕಮ್ಮಿ" ಅನ್ನುತ್ತಾನೆ.

ಹೆಟೌಡಾದ ನಮ್ಮ ಓಣಿಗೆ ಲಾಲ್‌ಬಾಬು ಠಾಕುರ್ ಬಂದದ್ದು ಇಪ್ಪತ್ತೆರಡು ವರ್ಷಗಳ ಹಿಂದೆ, ಗಡಿಯಾಚೆ ಇಂಡಿಯಾದ ಮೋತಿಹಾರಿಯಿಂದ, ಒಂದು ಕನ್ನಡಿ ಮತ್ತು ಒಂದು ಕುರ್ಚಿಯೊಂದಿಗೆ. ದಿಲ್‌ಮಾಯಾ ಇಲ್ಲೇ ಹುಟ್ಟಿದ ತಮಾಂಗರ ಹುಡುಗಿ. ಗುಡಿಯಲ್ಲಿ ಅವನ ಕೈಯಿಂದ ಬೈತಲೆಗೆ ಸಿಂಧೂರ ಇಡಿಸಿಕೊಂಡಳು. ಮದುವೆ ನೋಂದಾಯಿಸಲು ಅವನ ಊರಿನ ಕಾಗದ ಬೇಕಿತ್ತು. ಪ್ರತಿ ವರ್ಷ ಛಠ್ ಹಬ್ಬಕ್ಕೆ ಊರಿಗೆ ಹೊರಡುವಾಗ ಅವನು "ಈ ಸಲ ಖಂಡಿತ ತರ್ತೀನಿ" ಅನ್ನುತ್ತಿದ್ದ. ತರುತ್ತಿದ್ದದ್ದು ಅವನ ತಾಯಿ ಕರಿದು ಕೊಟ್ಟ ಒಂದು ಚೀಲ ಠೇಕುವಾ. ಮಗಳು ಅಂಜಿಲಾ ಹುಟ್ಟಿದ ವರ್ಷವೂ ಠೇಕುವಾ ಬಂತು, ಶಾಲೆಗೆ ಸೇರಿದ ವರ್ಷವೂ ಬಂತು. ಕಾಯ್ದು ಸಾಕಾಗಿ ದಿಲ್‌ಮಾಯಾ ಜನನಪತ್ರಕ್ಕೂ ಶಾಲೆಯ ಪುಸ್ತಕಕ್ಕೂ ತನ್ನ ಹೆಸರನ್ನಷ್ಟೇ ಬರೆಸಿ ಬಂದಳು.

"ಆಮೇಲೆ ನೋಡ್ಕೊಂಡ್ರಾಯ್ತು ಬಿಡು" ಎಂದಿದ್ದ ಅವನು.

ಅಂಜಿಲಾಗೆ ಈಗ ಹದಿನೆಂಟು. ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದಿದೆ, ನರ್ಸಿಂಗ್ ಓದಬೇಕು. ಪ್ರವೇಶ ಪರೀಕ್ಷೆಯ ಅರ್ಜಿಗೆ ಇನ್ನು ಮೂರು ವಾರ. ಅರ್ಜಿಯಲ್ಲಿ ಪೌರತ್ವ ಪತ್ರದ ಸಂಖ್ಯೆ ತುಂಬದಿದ್ದರೆ ಅದು ಮುಂದೆ ಹೋಗುವುದೇ ಇಲ್ಲ.

ಆ ಪತ್ರ ಮಾಡಿಸಲು ಹೋದ ದಿಲ್‌ಮಾಯಾಳನ್ನು ವಾರ್ಡ್ ಕಚೇರಿಯ ಗುಮಾಸ್ತ ಖಡಾನಂದ ಕೇಳಿದ: "ದಿದಿ, ಹುಡುಗಿಯ ಅಪ್ಪ ಯಾವ ದೇಶದೋರು?"

"ನಿಮ್ಗೆ ಗೊತ್ತಿಲ್ವಾ ಸರ್? ಶನಿವಾರ ನಿಮ್ಮ ಗಡ್ಡ ಕೆರೆದಿದ್ದು ಯಾರು?"

ಖಡಾನಂದ ಕೆನ್ನೆ ಸವರಿಕೊಂಡ. "ಇಂಡಿಯಾದೋರು ಅಂತ ಬರೆದ್ರೆ ಫೈಲು ಕಾಠ್ಮಂಡುಗೆ ಹೋಗುತ್ತೆ. ಆರು ವರ್ಷದ ಹಿಂದೆ ನಮ್ಮ ವಾರ್ಡಿಂದ ಒಂದು ಹೋಯ್ತು. ಆ ಹುಡುಗನಿಗೆ ಮದುವೆ ಆಗಿ ಎರಡು ಮಕ್ಳಾದ್ವು. ಫೈಲು ಇನ್ನೂ ಬಂದಿಲ್ಲ."

"ನಾನು ಇಲ್ಲಿಯೋಳು. ಹೆತ್ತಿದ್ದು ನಾನು, ಹೆತ್ತಿದ್ದೂ ಇಲ್ಲೇ. ನನ್ನ ಪೌರತ್ವ ಇಲ್ಲಿದೆ ನೋಡಿ."

"ನೀವು ಹೆತ್ತಿಲ್ಲ ಅಂತ ಯಾರಂದ್ರು?"

"ನನ್ನ ತಮ್ಮನ ಹೆಂಡ್ತಿ ಇಂಡಿಯಾದ ರಕ್ಸೌಲ್‌ನೋಳು. ಮದುವೆಯಾದ ತಿಂಗಳಿಗೇ ಅವಳಿಗೆ ಪೌರತ್ವ ಕೊಟ್ರಲ್ಲ?"

"ಅದು ಗಂಡನ ಕಡೆಯಿಂದ ಬಂದಿದ್ದು ದಿದಿ. ಅದರ ದಾರೀನೇ ಬೇರೆ."

ಹೊರಡಲು ಎದ್ದವಳನ್ನು ತಡೆದು ಅವನು ಡ್ರಾಯರಿನಿಂದ ಇನ್ನೊಂದು ನಮೂನೆ ತೆಗೆದ. ತಂದೆ ಪತ್ತೆಯಾಗಿಲ್ಲವೆಂದು ತಾಯಿ ತಾನೇ ಘೋಷಿಸುವ ಕಾಗದ. "ಇದಕ್ಕೆ ರುಜು ಹಾಕಿ. ನೆರೆಹೊರೆಯ ಐದು ಜನರ ಸಾಕ್ಷಿ ತನ್ನಿ. ನಿಮ್ಮ ಹೆಸರಿನ ಮೇಲೇ ಕೆಲಸ ಆಗುತ್ತೆ. ಸುಳ್ಳು ಅಂತ ಯಾರಾದ್ರೂ ದೂರು ಕೊಟ್ರೆ ಒಳಗೆ ಹೋಗೋರು ನೀವು. ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ."

ಮದುವೆ ಎಲ್ಲಿಯೂ ನೋಂದಣಿಯಾಗಿರಲಿಲ್ಲ. ಗಂಡನ ಸೋಮಾರಿತನ ಇಪ್ಪತ್ತೆರಡು ವರ್ಷಗಳಲ್ಲಿ ಅವಳಿಗೆ ಮಾಡಿದ ಉಪಕಾರ ಅದೊಂದೇ.

ಅನ್ನ ಬಡಿಸುತ್ತಾ ಅವಳು ಗಂಡನಿಗೆ ವಿಷಯ ಹೇಳಿದಳು.

"ನಾನು ಬದುಕಿರೋವಾಗಲೇ ಪತ್ತೆ ಇಲ್ಲ ಅಂತ ಬರೀತೀಯಾ? ಊರಲ್ಲಿ ಮುಖ ಹೇಗೆ ತೋರಿಸ್ಲಿ? ಇನ್ನೊಂಚೂರು ದಾಲ್ ಹಾಕು." ತಟ್ಟೆ ಮುಂದೆ ಮಾಡಿದ. "ಅವಳನ್ನ ಮೋತಿಹಾರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೇ ಕಾಗದ ಮಾಡಿಸೋಣ. ನಮ್ಮಮ್ಮ ಒಂದು ಗಂಡೂ ನೋಡಿಟ್ಟಿದ್ದಾಳೆ."

"ನಿಮ್ಮ ಕಾಗದವೇ ಇನ್ನೂ ಬಂದಿಲ್ಲ. ಅವಳದ್ದು ಬರುತ್ತಾ?"

"ನೀನು ಸೈ ಹಾಕಿ ನೋಡು ಅಂಜಿಲಾ ಅಮ್ಮ, ದೂರು ಕೊಡೋನು ನಾನೇ."

ಮಗಳು ಮೂಲೆಯಲ್ಲಿ ಕೂತಿದ್ದಳು. "ಬಾಬಾ ಇಲ್ಲ ಅಂತ ಬರೀಬೇಡ ಆಮಾ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಮೋತಿಹಾರಿಗೆ ಕಳಿಸ್ಲೂ ಬೇಡ" ಎಂದಳು.

ಸಾಕ್ಷಿಗೆಂದು ದಿಲ್‌ಮಾಯಾ ಮೊದಲು ಗಂಡಸರನ್ನು ಕೇಳಿದಳು. ಡೇರಿಯ ಗಣೇಶಮಾನ್ ಕಿವಿ ಮುಚ್ಚಿಕೊಂಡ. "ಗಂಡಸಿನ ಹೆಸರು ಅಳಿಸೋದಾ? ಪಾಪ ಸುತ್ತಿಕೊಳ್ಳುತ್ತೆ ಬಹಿನಿ." ಅವಳ ಹೆಸರು ಇಷ್ಟು ವರ್ಷ ಲೆಕ್ಕಕ್ಕೇ ಬಾರದಿದ್ದಾಗ ಅವನಿಗೆ ಯಾವ ಪಾಪವೂ ಕಂಡಿರಲಿಲ್ಲ.

ಮರುದಿನ ನಸುಕಿನಲ್ಲಿ ನಲ್ಲಿಯ ಹತ್ತಿರ ಅವಳು ಹೆಂಗಸರ ಮುಂದೆ ಕಾಗದ ಬಿಚ್ಚಿದಳು. ಪಂಫಾ ದಿದಿ ಕೊಡ ಕೆಳಗಿಟ್ಟು ಕೈ ಒರೆಸಿಕೊಂಡಳು. "ಮೊದಲು ನನ್ನದು ಬರಿ. ನಮ್ಮೋನು ಕುವೈತಿಗೆ ಹೋಗಿ ಹನ್ನೊಂದು ವರ್ಷ. ನಂಗೂ ಇಂಥದ್ದೇ ಒಂದು ನಮೂನೆ ಇಸ್ಕೊಂಡು ಬಾ, ಪತ್ತೆ ಇಲ್ಲ ಅಂತ ಬರೆದು ಬಾಗಿಲಿಗೆ ಅಂಟಿಸ್ತೀನಿ." ಎಲ್ಲರೂ ನಕ್ಕರು. ದಿಲ್‌ಮಾಯಾ ನಗಲಿಲ್ಲ. ನೀರು ತುಂಬಿ ಹರಿಯುತ್ತಿತ್ತು, ಯಾರೂ ಕೊಡ ಎತ್ತಲಿಲ್ಲ. ಐದು ಹೆಸರಾಯಿತು. ಐದನೆಯದು ನನ್ನದು.

ಕಚೇರಿಯಲ್ಲಿ ಖಡಾನಂದ ನಮ್ಮ ಸಾಕ್ಷಿ ಬರೆದುಕೊಂಡು ನಮ್ಮನ್ನು ಜಗಲಿಗೆ ಕಳಿಸಿದ. ತೆರೆದ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ಹಿಂದಿನ ಸಂಜೆ ಲಾಲ್‌ಬಾಬು ಅಂಗಡಿಯಲ್ಲಿ ಹತ್ತು ಜನರೆದುರು ದೂರು ಕೊಟ್ಟೇ ಕೊಡುತ್ತೇನೆಂದು ಆಣೆ ಹಾಕಿದ್ದು ಒಳಗಿದ್ದವನಿಗೂ ಗೊತ್ತಿತ್ತು, ಹೊರಗಿದ್ದವರಿಗೂ. ಅವಳು ಜೈಲಿಗೆ ಹೋದರೂ ಹೋಗಬಹುದು. ಹೋಗದಿದ್ದರೂ, ಮಗಳಿಗೆ ಊರು ಇಡುವ ಹೆಸರು ಯಾವುದೆಂದು ನಮಗೆ ಗೊತ್ತಿತ್ತು.

ದಿಲ್‌ಮಾಯಾ ತಿರುಗಿ ನಮ್ಮತ್ತ ನೋಡಲಿಲ್ಲ. ಹೆಬ್ಬೆಟ್ಟು ಒತ್ತಲು ಇಟ್ಟಿದ್ದ ಶಾಯಿಯ ಡಬ್ಬಿಯನ್ನು ಬದಿಗೆ ಸರಿಸಿ ಪೆನ್ನು ಕೇಳಿದಳು.

ಪೆನ್ನು ಕೊಡುತ್ತಾ ಖಡಾನಂದ ದನಿ ತಗ್ಗಿಸಿದ. "ಒಂದ್ಸಲ ಬರೆದ್ರೆ ಮುಗೀತು ದಿದಿ. ಹುಡುಗಿಯ ಅಪ್ಪ ಒಪ್ಪಿದ್ರಾ?"

"ಯಾವ ಅಪ್ಪ ಸರ್?" ಎಂದು ಅವಳು ರುಜು ಹಾಕಿದಳು.